ಬೇವಿನ ಮರದ ಕಾಗೆಗಳು

ಹೊಂಬಳಗಟ್ಟಿ ದೇಸಾಯರ ಮನೆತನ ಏಳು ತಲೆಮಾರಿನದು.

ಸುತ್ತಲಿನ ಹನ್ನೆರಡು ಹಳ್ಳಿಗಳಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಮೊದಲ ಅಕ್ಷತೆ ದೇಸಾಯರ ವಾಡೆಗೆ ಬರಬೇಕಿತ್ತು. ಪ್ಲೇಗು ಬಂದ ವರ್ಷ ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಕೂತಾಗ ವಾಡೆಯ ಒಲೆ ಒಂದು ದಿನವೂ ಆರಲಿಲ್ಲ. ಗುಡಿಸಲು ಗುಡಿಸಲಿಗೂ ಅನ್ನ ಹೋಯಿತು. ಆ ಮನೆಯ ಗಂಡಸರು ಕೊಟ್ಟ ಮಾತಿಗೆ ತಪ್ಪಲಿಲ್ಲ. ಆ ಮನೆಯ ಹೆಣ್ಣುಮಕ್ಕಳು ದನಿ ಎತ್ತಿ ಮಾತಾಡಲಿಲ್ಲ.

ಮತ್ತು ಆ ಮನೆಯವರು ಯಾರೂ, ಏಳು ತಲೆಮಾರಿನಲ್ಲಿ ಒಮ್ಮೆಯೂ, ಯಾರ ಮುಂದೆಯೂ ನಿಂತು ‘ತಪ್ಪಾಯಿತು’ ಎಂದದ್ದಿಲ್ಲ. ಹಾಗೆನ್ನುವ ಪ್ರಸಂಗವೇ ಬರಲಿಲ್ಲ ಎಂದು ಮನೆಯವರು ಹೇಳುತ್ತಿದ್ದರು.

ಆ ಮನೆಯ ಹಿರಿಯ ಮಗಳು ಪ್ರಮೋದಿನಿಬಾಯಿ. ಕಾನ್ವೆಂಟಿನಲ್ಲಿ ಸನ್ಯಾಸಿನಿಯರ ಕೈಯಲ್ಲಿ ಕಲಿತವಳು. ಬೆನ್ನು ನೆಟ್ಟಗೆ, ಕರವಸ್ತ್ರ ನಾಲ್ಕು ಮಡಿಕೆ, ಕಸೂತಿಗೆ ಮೊದಲ ಬಹುಮಾನ. ಜಡ್ಜರೊಬ್ಬರ ಕೈಹಿಡಿದು ಮೂವತ್ತೆಂಟು ವರ್ಷ ಮನೆಯನ್ನು ಗಡಿಯಾರದಂತೆ ನಡೆಸಿದಳು. ಮಕ್ಕಳಿರಲಿಲ್ಲ.

ಒಂದು ಮಧ್ಯಾಹ್ನ ಜಡ್ಜರು ಊಟ ಮಾಡಿ, ಕುರ್ಚಿಯಲ್ಲಿ ಕೂತು, ಪೇಪರು ಬಿಡಿಸಿದರು. ಅವಳು ವೀಳ್ಯದ ತಟ್ಟೆ ತರುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಪೇಪರು ಇನ್ನೂ ಕೈಯಲ್ಲೇ ಇತ್ತು.

ಅಂದಿನಿಂದ ಅವಳಿಗೆ ಭಯ ಹತ್ತಿತು. ಯಾರಿಗೂ ಹೇಳಲಿಲ್ಲ. ಆದರೆ ಕುರ್ಚಿಯಲ್ಲಿ ಒರಗಿ ಕೂರುವುದನ್ನು ಬಿಟ್ಟಳು.

ಅರವತ್ನಾಲ್ಕನೆಯ ವಯಸ್ಸಿನಲ್ಲಿ ಅವಳು ನದಿಯ ದಂಡೆಯ ಆಶ್ರಮಕ್ಕೆ ಬಂದಳು.

ಅಲ್ಲಿನ ಗುರುವನ್ನು ಎಲ್ಲರೂ ಅವ್ವ ಎನ್ನುತ್ತಿದ್ದರು. ಎಂಬತ್ತು ದಾಟಿದ, ಕಡ್ಡಿಯಂಥ ಮುದುಕಿ. ಗುರುವಿನ ಹಿಂದಿನ ಬದುಕನ್ನು ಕೇಳಬಾರದು ಎಂಬ ರೂಢಿಯಿದೆ. ಪ್ರಮೋದಿನಿ ಮೊದಲ ದಿನವೇ ಕೇಳಿದಳು.

“ನಿಮ್ಮದು ಯಾವ ಮನೆತನ?”

“ಕಂಬಳಿ ನೇಯ್ತಿದ್ದೆ,” ಎಂದಳು ಅವ್ವ. “ಈಗ ನೇಯೂದಿಲ್ಲ. ನಿನಗೇನು ಬೇಕು?”

“ಮರಣಭಯ ಹೋಗಬೇಕು. ಉಪದೇಶ ಕೊಡಿ.”

ಅವ್ವ ಅವಳನ್ನು ನೋಡಿದಳು. ಹೊರಗಿನ ಹೂದೋಟದ ಕಡೆ ಕೈ ಮಾಡಿದಳು.

“ತ್ವಾಟ ನೋಡ್ಕೋ.”

“ಎಷ್ಟು ದಿನ?”

“ಅಲ್ಲಿಗಿ ಬಂದವರು ಯಾರೂ ಅಂಜದಂಗ ಆಗೂತನಕ.”

ಪ್ರಮೋದಿನಿಗೆ ಇದು ಉಪದೇಶವೆಂದು ಅನ್ನಿಸಲಿಲ್ಲ. ಆದರೂ ಒಪ್ಪಿಕೊಂಡ ಕೆಲಸವನ್ನು ಅರೆಬರೆ ಮಾಡುವವಳಲ್ಲ. ಹದಿನೈದು ದಿನದಲ್ಲಿ ಸೇವಂತಿಗೆ ಒಂದು ಸಾಲು, ಕನಕಾಂಬರ ಒಂದು ಸಾಲು, ದುಂಡುಮಲ್ಲಿಗೆಯ ಸಸಿಗಳು ಗೇಣಿಗೊಂದು. ನೂಲು ಹಿಡಿದು ನೋಡಿದರೂ ಸೊಟ್ಟ ಸಿಗುತ್ತಿರಲಿಲ್ಲ.

ತೋಟಕ್ಕೆ ನೀರು ಹೊರುತ್ತಿದ್ದವಳು ಕಲ್ಲವ್ವ. ಹೊಳೆಯಾಚೆಯ ಊರಿನವಳು, ಐವತ್ತರ ಹೆಂಗಸು. ಒಂದು ಬೆಳಿಗ್ಗೆ ಅವಳು ಬಕೆಟ್ಟನ್ನು ಮಲ್ಲಿಗೆಯ ಸಸಿಯ ಮೇಲೆ ಇಟ್ಟಳು.

“ತಪ್ಪಾತ್ರಿ ಅಕ್ಕಾಸಾಬ್ರ,” ಎಂದಳು, ಬಕೆಟ್ ಎತ್ತಿಕೊಳ್ಳುತ್ತ.

“ಹಾಗಲ್ಲ. ನೆಟ್ಟಗೆ ನಿಲ್ಲು. ನನ್ನ ಕಣ್ಣು ನೋಡು. ಯಾವ ತಪ್ಪು ಎಂದು ಬಿಡಿಸಿ ಹೇಳು.”

“ಬಕೆಟ್ ಇಟ್ಟಿದ್ದು ತಪ್ಪಾತ್ರಿ.”

“ಎಲ್ಲಿ ಇಟ್ಟದ್ದು?”

“ಸಸಿ ಮ್ಯಾಲ್ರಿ.”

“ಈಗ ಸರಿ. ಬರೀ ತಪ್ಪಾಯಿತು ಅಂದರೆ ಅದು ಉಗುಳಿದ ಹಾಗೆ.”

ಕಲ್ಲವ್ವ ಇದನ್ನು ಅವ್ವನಿಗೆ ವರದಿ ಮಾಡಿದಳು. “ಒಂದು ಬಕೀಟಿಗಿ ಇಷ್ಟು ಹೇಳಬೇಕಂದ್ರ, ದೊಡ್ಡ ತಪ್ಪು ಮಾಡಿದವರು ಊಟಾ ಬಿಟ್ಟು ನಿಂದ್ರಬೇಕಾಕ್ಕೈತಿ ನೋಡ್ರಿ.”

ಅವ್ವ ನಕ್ಕಳು.

ತೋಟದ ನಡುವೆ ಒಂದು ಹಳೆಯ ಬೇವಿನ ಮರ. ಬೇಸಿಗೆ ಬಂದಾಗ ಅದರಲ್ಲಿ ಎರಡು ಕಾಗೆ ಗೂಡು ಕಟ್ಟಿದವು.

ಕಾಗೆಗಳಿಗೆ ಶಿಸ್ತೆಂಬುದಿಲ್ಲ. ಎಲ್ಲಿಂದಲೋ ಮೂಳೆ ತಂದು ಸೇವಂತಿಗೆಯ ಮಡಿಗೆ ಎಸೆದವು. ಹೂವಿಗಿಟ್ಟ ನೀರಿನಲ್ಲಿ ಮಿಂದವು. ಎಳೆಯ ಸಸಿಗಳನ್ನು ಬೇರು ಸಮೇತ ಕಿತ್ತು, ನೋಡಿ, ಬೇಡವೆಂದು ಬಿಟ್ಟುಹೋದವು. ತುಳಸಿಕಟ್ಟೆಯ ಹಣತೆಯಿಂದ ತುಪ್ಪದ ಹೂಬತ್ತಿ ಕದ್ದವು.

ಪ್ರಮೋದಿನಿ ಚಪ್ಪಾಳೆ ತಟ್ಟಿದಳು. ತಗಡು ಕಟ್ಟಿದಳು. ಕೆಂಪು ಬಟ್ಟೆ ನೇತುಹಾಕಿದಳು. ಕಾಗೆಗಳು ಕೆಂಪು ಬಟ್ಟೆಯ ದಾರ ಬಿಚ್ಚಿಕೊಂಡು ಹೋಗಿ ಗೂಡಿಗೆ ಸೇರಿಸಿದವು.

“ಕಲ್ಲವ್ವಾ, ಆ ಗೂಡು ಕೆಡವು.”

ಕಲ್ಲವ್ವ ಮೇಲೆ ನೋಡಿದಳು. “ಮರಿ ಅದಾವ್ರೀ ಅಕ್ಕಾಸಾಬ್ರ. ಹದಿನೈದು ದಿನಾ ತಡಕೊಂಡ್ರ ಹಾರಿ ಹೊಕ್ಕಾವ.”

“ಹದಿನೈದು ದಿನದಲ್ಲಿ ಒಂದು ಸಸಿ ಉಳಿಯುವುದಿಲ್ಲ.”

“ನಾ ವಲ್ಲೆರಿ. ನನಗೂ ಮಕ್ಕಳದಾವ.”

ಪ್ರಮೋದಿನಿ ತಾನೇ ಬಿದಿರಿನ ಗಳಕ್ಕೆ ಕೊಕ್ಕೆ ಕಟ್ಟಿ ಎಳೆದಳು.

ಗೂಡು ಬಿತ್ತು. ಕಡ್ಡಿ, ತಂತಿ, ಕೆಂಪು ದಾರ. ಎರಡು ಮರಿ. ಒಂದು ಬಿದ್ದಲ್ಲೇ ಸತ್ತಿತ್ತು. ಇನ್ನೊಂದು ಅವಳ ಕಡೆ ಕೆಂಪಗಿನ ಬಾಯಿ ತೆರೆಯಿತು, ಅವಳೇ ತುತ್ತು ತಂದವಳು ಎನ್ನುವ ಹಾಗೆ. ಸ್ವಲ್ಪ ಹೊತ್ತಿನಲ್ಲಿ ಅದೂ ಬಾಯಿ ಮುಚ್ಚಿತು.

ಅವಳು ಆ ಜಾಗ ಗುಡಿಸಿದಳು. ಸೋಪು ಹಚ್ಚಿ ಎರಡು ಸಲ ಕೈ ತೊಳೆದಳು.

ಮೇಲೆ ಎರಡೂ ಕಾಗೆಗಳು ಕೂಗುತ್ತಿರಲಿಲ್ಲ. ಅವಳನ್ನು ನೋಡುತ್ತಿದ್ದವು.

ಮರುದಿನ ಬೆಳಿಗ್ಗೆ ಮಡಿಗಳ ನಡುವೆ ಬಾಗಿದ್ದಾಗ ಹಿಂದಿನಿಂದ ಗಾಳಿ ಸೀಳಿದಂತಾಯಿತು. ಏನೋ ಕಪ್ಪು ಕಿವಿಯ ಪಕ್ಕದಲ್ಲಿ ಹಾದುಹೋಯಿತು. ತಲೆಯೆತ್ತುವಷ್ಟರಲ್ಲಿ ಇನ್ನೊಂದು.

ಕಲ್ಲವ್ವ ಹತ್ತು ಹೆಜ್ಜೆ ದೂರದಲ್ಲಿ ನೀರು ಹಾಕುತ್ತಿದ್ದಳು. ಅವಳ ಗೊಡವೆಗೆ ಅವು ಹೋಗಲಿಲ್ಲ.

ಅಂದಿನಿಂದ ಪ್ರಮೋದಿನಿ ಕೊಡೆ ಬಿಚ್ಚಿಕೊಂಡೇ ತೋಟಕ್ಕೆ ಬಂದಳು. ಬಿಳಿ ಸೀರೆ ಬಿಟ್ಟು ಕಂದು ಉಟ್ಟಳು. ಸೆರಗು ತಲೆ ತುಂಬ ಹೊದ್ದಳು. ಹಿಂದಿನ ಬಾಗಿಲಿನಿಂದ ಬಂದಳು. ಅವು ಹಿಂದಿನ ಬಾಗಿಲಿನ ಮೇಲೇ ಕೂತು ಕಾಯುತ್ತಿದ್ದವು. ಎರಡು ಇದ್ದದ್ದು ಐದಾಯಿತು. ಐದು ಹತ್ತಾಯಿತು.

ಅವಳು ಅವ್ವನ ಬಳಿ ಹೋದಳು.

“ಕಾಗೆ ನನ್ನ ಮೇಲೆ ಬೀಳುತ್ತಿದೆ.”

“ಯಾವ ಕಾಗಿ?”

“ಯಾವುದೆಂದು ಹೇಳಲಿ? ಕಾಗೆಗಳೆಲ್ಲ ಒಂದೇ ಥರ ಕಾಣುತ್ತವೆ.”

“ನೀ ಅವಕ್ಕ ಹಂಗ ಕಾಣೂದಿಲ್ಲಲ್ಲ,” ಎಂದಳು ಅವ್ವ.



ಅವ್ವ ಎದ್ದು, ತೋಟಕ್ಕೆ ಬಂದು, ಕಸದ ಗುಂಡಿಯಿಂದ ಗೂಡಿನ ಕಡ್ಡಿಗಳನ್ನು ಒಂದೊಂದಾಗಿ ಹೆಕ್ಕಿದಳು. ಉಡಿಯಲ್ಲಿ ತುಂಬಿಕೊಂಡು ಬಂದು ಪ್ರಮೋದಿನಿಯ ಮುಂದೆ ಸುರಿದಳು.

“ಕಟ್ಟು.”

“ಏನು?”

“ಹೆಂಗಿತ್ತೋ ಹಂಗ ಕಟ್ಟು.”

ಕಸೂತಿಗೆ ಬಹುಮಾನ ಪಡೆದ ಕೈ ಅದು. ಪ್ರಮೋದಿನಿ ಜಗುಲಿಯಲ್ಲಿ ಕೂತು ಕಡ್ಡಿಗೆ ಕಡ್ಡಿ ಹೆಣೆದಳು. ತಂತಿ ಬಾಗಿಸಿದಳು. ಕೆಂಪು ದಾರ ಸುತ್ತಿದಳು. ಎತ್ತಿ ನೋಡಿದರೆ ತಳ ಕಳಚಿ ಮಡಿಲಿಗೆ ಬಿತ್ತು. ಮತ್ತೆ ಕಟ್ಟಿದಳು. ಮತ್ತೆ ಬಿತ್ತು. ಊಟದ ಗಂಟೆ ಹೊಡೆದಾಗ ಅವಳ ಬೆರಳುಗಳು ತಂತಿ ಚುಚ್ಚಿ ರಕ್ತವಾಗಿದ್ದವು.

“ಆಗುವುದಿಲ್ಲ,” ಎಂದಳು.

“ನಿನಗ ಹತ್ತು ಬೆರಳು,” ಎಂದಳು ಅವ್ವ. “ಅದಕ ಒಂದು ಚುಂಚು.”

ಪ್ರಮೋದಿನಿಗೆ ಸಿಟ್ಟು ಬಂತು. “ಹಾಗಾದರೆ ಏನು ಮಾಡಲಿ? ಮರದ ಕೆಳಗೆ ನಿಂತು ಕಾಗೆಗೆ ತಪ್ಪಾಯಿತು ಎಂದು ಹೇಳಲೇ?”

“ಕಾಗಿಗಿ ಮಾತು ತಿಳಿಯೂದಿಲ್ಲ. ಮಾತು ತಿಳಿಯೂವರ ಮುಂದ ಹೇಳಿ ಮೊದಲ ರೂಢಿ ಮಾಡ್ಕೋ.”

ಯಾರ ಮುಂದೆ ಎಂದು ಪ್ರಮೋದಿನಿ ಕೇಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಒಂದು ಮಲ್ಲಿಗೆಯ ಬಳ್ಳಿ ಕೋಲಿನಿಂದ ಜಾರಿತ್ತು. ಅದನ್ನು ಕಟ್ಟಲು ಎರಡೂ ಕೈ ಬೇಕು. ಪ್ರಮೋದಿನಿ ಮರದ ಕಡೆ ನೋಡಿದಳು. ಒಂದೂ ಕಾಗೆಯಿರಲಿಲ್ಲ. ಕೊಡೆಯನ್ನು ಪಕ್ಕಕ್ಕಿಟ್ಟು ಬಾಗಿದಳು. ಸೆರಗು ತಲೆಯಿಂದ ಜಾರಿತು.

ಗಂಟು ಬಿಗಿಯುವಷ್ಟರಲ್ಲಿ ತಲೆಯ ಮೇಲೆ ಭಾರವಾಯಿತು.

ಈ ಸಲ ಹಾದುಹೋಗಲಿಲ್ಲ. ಕೂತಿತು. ಉಗುರುಗಳು ಕೂದಲೊಳಗೆ ಇಳಿದು ನೆತ್ತಿಯನ್ನು ಹಿಡಿದವು. ಎಷ್ಟು ಹೊತ್ತು ಕೂತಿತೋ, ಒಂದು ಉಸಿರಿನಷ್ಟು ಇರಬಹುದು. ಆಮೇಲೆ ನಿಧಾನವಾಗಿ, ಅವಸರವಿಲ್ಲದೆ, ಹಾರಿಹೋಯಿತು.

ಕಲ್ಲವ್ವನ ಕೈಯಿಂದ ಬಕೆಟ್ ಬಿತ್ತು. “ಅಯ್ಯೋ ಶಿವನ! ತಲಿ ಮ್ಯಾಲ ಕುಂತ್ತಲ್ರೀ!”

ಕಾಗೆ ತಲೆಯ ಮೇಲೆ ಕೂತರೆ ಏನು ಅರ್ಥ ಎಂಬುದನ್ನು ಕಾನ್ವೆಂಟಿನಲ್ಲಿ ಕಲಿಸಿರಲಿಲ್ಲ. ವಾಡೆಯ ಅಡುಗೆಮನೆಯಲ್ಲಿ ಕಲಿಸಿದ್ದರು. ಅಜ್ಜನ ತಂಗಿಯೊಬ್ಬಳಿದ್ದಳು. ಹಪ್ಪಳ ಒಣಗಿಸುತ್ತಿದ್ದಾಗ ಅವಳ ತಲೆಗೆ ಕಾಗೆ ಕೂತಿತು. ಅವಳು ನಕ್ಕುಬಿಟ್ಟಳು. ಹನ್ನೊಂದನೆಯ ದಿನ ಅವಳ ಹೆಣ ಹೋಯಿತು. ಆ ಹಪ್ಪಳಗಳನ್ನು ಆಮೇಲೆ ಯಾರೂ ಕರಿಯಲಿಲ್ಲ.

ಪ್ರಮೋದಿನಿ ಉಟ್ಟ ಸೀರೆಯಲ್ಲೇ ತಲೆಯ ಮೇಲೆ ನೀರು ಹೊಯ್ದುಕೊಂಡಳು. ನೀರಿನಲ್ಲಿ ಒಂದು ಎಳೆ ರಕ್ತ ಹರಿಯಿತು.

ಒಂದು ದಿನ ಕಳೆಯಿತು. ಎರಡು ಕಳೆಯಿತು. ಎದೆ ಬಡಿದರೆ ಭಯ. ಬಡಿಯುವುದು ಕೇಳಿಸದಿದ್ದರೆ ಇನ್ನೂ ಭಯ. ಮೂರನೆಯ ದಿನ ಮಧ್ಯಾಹ್ನ ಅವಳೇ ಕಲ್ಲವ್ವನನ್ನು ಕರೆದಳು.

“ಇದಕ್ಕೇನೋ ಮಾಡುತ್ತಾರಲ್ಲ, ನಿಮ್ಮಲ್ಲಿ.”

“ನಿಮ್ಮಲ್ಲೂ ಮಾಡ್ತಾರ್ರೀ,” ಎಂದಳು ಕಲ್ಲವ್ವ. “ರಕ್ತಸಂಬಂಧದವರಿಗೆ ಸತ್ತ ಸುದ್ದಿ ಕಳಸೂದು. ಅವರು ಅತ್ರ ಸಾವು ಅಳುವಿನಾಗ ಹರದು ಹೊಕ್ಕೈತಿ. ಆಮ್ಯಾಗ, ಇಲ್ಲವಾ, ಸುಳ್ಳು ಸುದ್ದಿ, ಕಾಗಿ ಕುಂತಿತ್ತು ಅಂತ ಹೇಳೂದು. ಅವರೂ ನಗ್ತಾರ.”

“ಅಳದಿದ್ದರೆ?”

ಕಲ್ಲವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. “ಅಳದಿದ್ರ ಸುದ್ದಿ ಖರೇ ಆಕ್ಕೈತಂತ. ಅದಕ, ಖರೇನ ಅಳೂವರಿಗೆ ಕಳಸಬೇಕು.”

ಖರೇ ಅಳುವವರು ಯಾರು?

ಪ್ರಮೋದಿನಿ ಹಳೆಯ ಡೈರಿ ತೆಗೆದಳು. ಏಳು ತಲೆಮಾರಿನ ಮನೆತನ. ದೊಡ್ಡಪ್ಪನ ಮಗನಿಗೆ ಸುದ್ದಿ ಹೋದರೆ, ಬರುವುದಕ್ಕೆ ಯಾರ ಕಾರು ಖಾಲಿಯಿದೆ ಎಂದು ಕೇಳುತ್ತಾನೆ. ಚಿಕ್ಕಪ್ಪನ ಮಗಳು ಫೋನಿನಲ್ಲಿ ಎರಡು ಕೈ ಜೋಡಿಸಿದ ಚಿತ್ರ ಕಳಿಸುತ್ತಾಳೆ. ಸೋದರಮಾವನ ಮಗ ಪೇಪರಿಗೆ ಹಾಕಲು ಒಳ್ಳೆಯ ಫೋಟೊ ಹುಡುಕುತ್ತಾನೆ. ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟಳು. ಒಂದೊಂದೇ ಹೆಸರಿನ ಕಣ್ಣು ಒಣಗಿತ್ತು.

ಡೈರಿಯ ಕೊನೆಯ ಪುಟದಲ್ಲಿ ಹೆಸರಿಲ್ಲದ ಒಂದು ನಂಬರಿತ್ತು.

ಅದು ಅಂಬುಜಳದು. ತಂಗಿ.

ಚಿಕ್ಕಂದಿನಲ್ಲಿ ಅಂಬುಜಾ ಎಲ್ಲದಕ್ಕೂ ಅಳುತ್ತಿದ್ದಳು. ಕರು ಮಾರಿದರೆ ಅಳುತ್ತಿದ್ದಳು. ಅಕ್ಕ ರಜೆ ಮುಗಿಸಿ ಕಾನ್ವೆಂಟಿಗೆ ಹೊರಟರೆ ಗಾಡಿಯ ಹಿಂದೆ ಊರ ಅಗಸೆಬಾಗಿಲ ತನಕ ಅಳುತ್ತ ಓಡಿಬರುತ್ತಿದ್ದಳು. ಬೆಳೆದ ಮೇಲೆ ಮದುವೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವವನನ್ನು ಮೆಚ್ಚಿ ಮದುವೆಯಾದಳು. ವಾಡೆಯ ಬಾಗಿಲು ಮುಚ್ಚಿತು.

ಆಮೇಲೆ ತಂದೆ ತೀರಿಕೊಂಡರು. ತಂಗಿಗೆ ಸುದ್ದಿ ಕಳಿಸಬೇಕೇ ಎಂದು ಎಲ್ಲರೂ ಹಿರಿಯ ಮಗಳ ಮುಖ ನೋಡಿದರು. ಪ್ರಮೋದಿನಿ ಬೇಡವೆಂದಳು. ಮನೆಯ ಮರ್ಯಾದೆಯ ಪ್ರಶ್ನೆ.

ಅಂಬುಜಳಿಗೆ ತಿಳಿದದ್ದು ಹದಿಮೂರನೆಯ ದಿನ, ಬಳೆಗಾರ್ತಿಯ ಬಾಯಿಂದ. ಅವಳು ಬಂದಾಗ ವಾಡೆಯ ಅಂಗಳದಲ್ಲಿ ಎಲೆ ಹಾಕಿತ್ತು, ಜನ ಊಟಕ್ಕೆ ಕೂತಿತ್ತು. ಅವಳು ನಡುವೆ ನಿಂತು, ದೇಸಾಯರ ಹೆಣ್ಣುಮಗಳು ಎತ್ತಬಾರದಷ್ಟು ದನಿ ಎತ್ತಿದಳು.

“ಅಪ್ಪನ ಮುಖಾ ನನಗ ತೋರಸಲಿಲ್ಲ. ನೆನಪಿಟ್ಕೋ ಅಕ್ಕ, ನೀ ಸತ್ತ ದಿನಾ ನಾ ಒಂದು ಹನಿ ಕಣ್ಣೀರು ಹಾಕೂದಿಲ್ಲ.”

ನೂರು ಜನರ ಎದುರು ಆಡಿದ ಆ ಒಂದು ಮಾತಿಗಾಗಿ ತಂಗಿ ಬಂದು ಕ್ಷಮೆ ಕೇಳಬೇಕೆಂದು ಪ್ರಮೋದಿನಿ ಇಪ್ಪತ್ತೆರಡು ವರ್ಷ ಕಾದಿದ್ದಳು.

ಈಗ ಅವಳಿಗೆ ಗೊತ್ತಾಯಿತು. ತಾನು ಸತ್ತರೆ ಅಳುವವಳು ಲೋಕದಲ್ಲಿ ಒಬ್ಬಳೇ. ಅಳುವುದಿಲ್ಲ ಎಂದು ಆಣೆಯಿಟ್ಟವಳೂ ಅವಳೇ.

“ಈ ನಂಬರಿಗೆ ಹಚ್ಚು,” ಎಂದಳು.

ಕಲ್ಲವ್ವ ತನ್ನ ಫೋನಿನಲ್ಲಿ ನಂಬರು ಒತ್ತಿ, ದನಿ ಇಬ್ಬರಿಗೂ ಕೇಳುವ ಹಾಗೆ ಮಾಡಿ, ನಡುವೆ ಹಿಡಿದಳು.

“ಬಾಯೀರ, ನಾ ಹೊಳಿ ದಂಡಿ ಆಶ್ರಮದಿಂದ ಮಾತಾಡ್ತೀನ್ರಿ. ನಿಮ್ಮ ಅಕ್ಕಾರು, ಪ್ರಮೋದಿನಿಬಾಯಾರು… ಹೋದ್ರರೀ.”



“ಯಾವಾಗ?” ಎಂದಿತು ಒಂದು ದನಿ. ಮುದುಕಿಯ ದನಿ. ಪ್ರಮೋದಿನಿಗೆ ಗುರುತು ಸಿಗಲಿಲ್ಲ.

“ಇವತ್ತ ಮುಂಜಾನೇರಿ.”

ಆಚೆ ಸದ್ದಿಲ್ಲ. ಪ್ರಮೋದಿನಿ ಉಸಿರು ಬಿಗಿಹಿಡಿದು ಕೇಳಿದಳು. ಒಂದು ಬಿಕ್ಕು ಬರಲಿ. ಒಂದೇ ಒಂದು.

“ನಾ ಬರೂತನಕಾ ಇಡ್ರಿ,” ಎಂದಿತು ದನಿ, ಒಣಗಿದ ಎಲೆಯಂತೆ. “ದೂರದ ದಾರಿ ಅದ. ಏನಾದ್ರೂ ಮಾಡಿ ಇಡ್ರಿ. ಮುಖಾ ನೋಡಬೇಕು.”

ಫೋನು ಕಟ್ಟಾಯಿತು.

ಕಲ್ಲವ್ವ ಫೋನನ್ನೇ ನೋಡುತ್ತ ನಿಂತಳು. “ಅಳಲಿಲ್ಲರೀ,” ಎಂದಳು ಮೆಲ್ಲಗೆ.

“ಮತ್ತೆ ಹಚ್ಚು. ಸುಳ್ಳು ಎಂದು ಹೇಳು. ಬರುವುದು ಬೇಡ ಎಂದು ಹೇಳು.”

ಹಚ್ಚಿದಳು. ಎತ್ತಲಿಲ್ಲ. ಮತ್ತೆ ಹಚ್ಚಿದಳು. ಮೂರನೆಯ ಸಲ ಫೋನೇ ಬಂದ್ ಆಗಿತ್ತು.

ಬೇವಿನ ಮರದಲ್ಲಿ ಒಂದು ಕಾಗೆ ಕೂಗಿತು. ಒಂದೇ ಸಲ.

ಪ್ರಮೋದಿನಿ ಅವ್ವನ ಮುಂದೆ ಹೋಗಿ ನಿಂತಳು. ಎಲ್ಲವನ್ನೂ ಹೇಳಿದಳು. ಬೆನ್ನು ಮಾತ್ರ ನೆಟ್ಟಗಿತ್ತು.

“ಅವ್ವಾ, ನಾನು ಸಾಯುತ್ತೇನೆಯೇ?”

“ಹೌದು.”

“ಹನ್ನೊಂದು ದಿನದಲ್ಲೇ?”

“ಅದನ್ನ ಕಾಗಿನ ಕೇಳು. ನನಗ ನನ್ನದ ಗೊತ್ತಿಲ್ಲ.”

“ಅವಳು ಅಳಲಿಲ್ಲ.”

“ಆಕಿ ಯಾವ ಬಸ್ಸಿಗೆ ಬರತಾಳ?” ಎಂದು ಕೇಳಿದಳು ಅವ್ವ.

ಅದನ್ನು ಪ್ರಮೋದಿನಿ ಯೋಚಿಸಿಯೇ ಇರಲಿಲ್ಲ.

“ವಯಸ್ಸೆಷ್ಟು ಆಕೀಗೆ?”

“ಅರವತ್ತು. ಅರವತ್ತೊಂದು.”

“ಜೊತಿಗೆ ಯಾರರ ಅದಾರೇನು?”

“ಗೊತ್ತಿಲ್ಲ. ಗಂಡ ಹೋದ ಎಂದು ಯಾರೋ ಹೇಳಿದ್ದರು. ನಾನು… ವಿಚಾರಿಸಲಿಲ್ಲ.”

ಅವ್ವ ಕಲ್ಲವ್ವನನ್ನು ಕರೆದು, ನಾಳೆ ಬೆಳಿಗ್ಗೆ ಮಜ್ಜಿಗೆ ಎತ್ತಿಡು, ಕಾಲಿಗೆ ಬಿಸಿನೀರು ಕಾಯಿಸು ಎಂದಳು.

ಮರುದಿನ ಬಿಸಿಲೇರಿದ ಮೇಲೆ ನದಿಯ ದಾರಿಯಲ್ಲಿ ಒಬ್ಬ ಹೆಂಗಸು ಕಾಣಿಸಿದಳು.

ಪ್ರಮೋದಿನಿ ತನ್ನ ಕೋಣೆಯ ಕದ ಮುಚ್ಚಿಕೊಂಡು, ಕಿಟಕಿಯ ಸಂದಿಗೆ ಕಣ್ಣಿಟ್ಟಳು. ಹೆಂಗಸಿನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕಂಕುಳಲ್ಲಿ ಒಂದು ಗಂಟು. ಎಡಗಾಲು ಊರುವಾಗ ತುಸು ವಾಲುತ್ತಿದ್ದಳು. ತಂದೆ ಹೀಗೇ ನಡೆಯುತ್ತಿದ್ದರು. ಒಂದು ಕ್ಷಣ ಪ್ರಮೋದಿನಿಗೆ ಸತ್ತ ತಂದೆಯೇ ಬಿಸಿಲಿನಲ್ಲಿ ನಡೆದು ಬರುತ್ತಿರುವಂತೆ ಕಂಡಿತು. ಕಿಟಕಿಯ ಕಂಬಿ ಹಿಡಿದುಕೊಂಡಳು.

ಹೆಂಗಸು ತೋಟದ ನಡುವಿನಿಂದಲೇ ಬಂದಳು. ಬೇವಿನ ಮರದಲ್ಲಿ ಹತ್ತಾರು ಕಾಗೆಗಳಿದ್ದವು. ಒಂದೂ ರೆಕ್ಕೆ ಅಲುಗಿಸಲಿಲ್ಲ.

ಮರದ ಕೆಳಗಿನ ಕಲ್ಲಿನ ಮೇಲೆ ಅವ್ವ ಕೂತಿದ್ದಳು. ಹೆಂಗಸು ಕೈಮುಗಿದಳು.

“ಎಲ್ಲಿ ಇಟ್ಟೀರಿ?”

“ಕೂಡ್ರವಾ. ಮೊದಲ ಮಜ್ಜಿಗಿ ಕುಡಿ.”

“ಹೆಣದ ಮನ್ಯಾಗ ಮಜ್ಜಿಗಿ ಹ್ಯಾಂಗ ಕುಡೀಲಿರೀ?” ಅವಳು ಗಂಟು ಬಿಚ್ಚತೊಡಗಿದಳು. ಬೆರಳು ಸಾಗುತ್ತಿರಲಿಲ್ಲ. “ಹೆಣ್ಣುಮಗಳು ಹೋದ್ರ ತವರಿನ ಸೀರಿ ಹೊಚ್ಚಬೇಕಲ್ರೀ. ತವರಿನಾಗ ಈಗ ಯಾರಿದ್ದಾರ? ನಾನ ತಂದೇನಿ. ಹೊಸಾದಲ್ಲ, ಬೈಬ್ಯಾಡ್ರಿ. ನಮ್ಮವ್ವಂದು. ನಾ ಓಡಿ ಹೋಗೂ ದಿನಾ ಇದೊಂದನ್ನ ಕದ್ದು ಒಯ್ದಿದ್ದೆ.”

ಕುಂಕುಮದ ಬಣ್ಣದ ಸೀರೆ. ಅಂಚು ಸವೆದಿತ್ತು.

ಪ್ರಮೋದಿನಿ ಆ ಸೀರೆಗಾಗಿ ವಾಡೆಯ ಆಳುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಕೇಳಿದ್ದಳು. ಒಬ್ಬಳನ್ನು ಕೆಲಸದಿಂದ ತೆಗೆದಿದ್ದಳು.

“ನಾ ಅಳೂದಿಲ್ಲ ನೋಡ್ರಿ,” ಎಂದಳು ಅಂಬುಜಾ. “ಅಳೂದಿಲ್ಲ ಅಂತ ಆಕಿ ಎದುರಿಗೇ ಹೇಳೀನಿ. ಮುಖಾ ನೋಡಿ, ಸೀರಿ ಹೊಚ್ಚಿ ಹೋಗ್ತೀನಿ. ಎಲ್ಲಿ ಇದ್ದಾಳ?”

ಅವ್ವ ಅವಳ ಕೈಯನ್ನು ತನ್ನೆರಡು ಕೈಗಳಲ್ಲಿ ಹಿಡಿದುಕೊಂಡಳು.

“ನಿಮ್ಮಕ್ಕ ಬದುಕ್ಯಾಳವಾ.”

ಅಂಬುಜಾ ಅವಳನ್ನೇ ನೋಡಿದಳು.

“ತಲಿ ಮ್ಯಾಲ ಕಾಗಿ ಕುಂತಿತ್ತು. ಅಂಜಿ ಸುಳ್ಳು ಸುದ್ದಿ ಕಳಿಸಿದ್ಲು.”

“ಖರೇನ?”

“ಖರೇನ.”

“ಬದುಕಿದ್ದಾಳ? ಉಸಿರಾಡ್ಲಿಕ್ಕತ್ತಾಳ?”

“ಆಡಾಕತ್ತಾಳ. ಆ ಕದದ ಹಿಂದ.”

ಅಂಬುಜಾ ತಾಯಿಯ ಸೀರೆಯನ್ನು ಮುಖಕ್ಕೆ ಒತ್ತಿಕೊಂಡಳು. ಆಮೇಲೆ ಅತ್ತಳು. ಕರು ಮಾರಿದ ದಿನ ಅತ್ತ ಹಾಗೆ, ಗಾಡಿಯ ಹಿಂದೆ ಓಡಿಬಂದು ಅತ್ತ ಹಾಗೆ, ಮೈಯೆಲ್ಲ ಅಲುಗಿಸಿ ಅತ್ತಳು. ಆ ಸದ್ದಿಗೆ ಬೇವಿನ ಮರದ ಕಾಗೆಗಳೆಲ್ಲ ಒಮ್ಮೆಲೇ ಮೇಲೆದ್ದು, ಸುತ್ತು ಹಾಕಿ, ಮತ್ತೆ ಬಂದು ಕೂತವು.

ಸ್ವಲ್ಪ ಹೊತ್ತಿನ ಮೇಲೆ ಅವ್ವ ಬಂದು ಕೋಣೆಯ ಕದ ತಳ್ಳಿದಳು.

ಪ್ರಮೋದಿನಿ ಕತ್ತಲಲ್ಲಿ ನಿಂತಿದ್ದಳು, ಮಡಿಸಿದ ಕೊಡೆಯನ್ನು ಎದೆಗೆ ಹಿಡಿದುಕೊಂಡು.

“ಅತ್ತಳು,” ಎಂದಳು ಪಿಸುದನಿಯಲ್ಲಿ. “ನಾನು ಕೇಳಿಸಿಕೊಂಡೆ. ಕಂಟಕ ಕಳೆಯಿತು, ಅಲ್ಲವೇ?”

“ಕಳೀತು.”

“ಇನ್ನು ನಾನು ಸಾಯುವುದಿಲ್ಲ.”

“ಇವತ್ತಿಗಿಲ್ಲ.”

“ಹಾಗಾದರೆ ಅವಳಿಗೆ ಊಟ ಹಾಕಿ ಕಳಿಸಿ. ಬಸ್ಸಿನ ತನಕ ಕಲ್ಲವ್ವ ಹೋಗಲಿ. ನಾನು ಆಮೇಲೆ ವಿವರವಾಗಿ ಪತ್ರ ಬರೆಯುತ್ತೇನೆ.”

“ಕಂಟಕ ಕಳೀತಲ್ಲ. ಕೈ ಯಾಕ ನಡಗಾಕತ್ತಾವ?”

ಪ್ರಮೋದಿನಿ ತನ್ನ ಕೈ ನೋಡಿಕೊಂಡಳು. ಕೊಡೆಯ ಕಡ್ಡಿಗಳು ಒಂದಕ್ಕೊಂದು ತಾಗಿ ಕಟಕಟ ಸದ್ದು ಮಾಡುತ್ತಿದ್ದವು.

“ಹೊರಗೆ ಕಾಗೆಗಳಿವೆ.”

“ಅದಾವ.”

“ಬಾಗಿಲಿಂದ ಆ ಮರಕ್ಕೆ ಮೂವತ್ತು ಹೆಜ್ಜೆ.”

“ಇಪ್ಪತ್ತೆರಡು,” ಎಂದಳು ಅವ್ವ.

ಹೊರಗೆ ಅಂಬುಜಾ ಮೂಗು ಒರೆಸಿಕೊಳ್ಳುತ್ತ ಕಲ್ಲವ್ವನಿಗೆ ಏನೋ ಹೇಳುತ್ತಿದ್ದಳು. ಕಲ್ಲವ್ವ ಮಜ್ಜಿಗೆಯ ತಂಬಿಗೆ ಹಿಡಿದು ನಿಂತಿದ್ದಳು. 

“ಅವ್ವಾ, ನೂರು ಜನರ ಎದುರು ಅಂದಳು ಅವಳು. ನಮ್ಮ ಅಂಗಳದಲ್ಲಿ, ತಂದೆಯ ಕಾರ್ಯದ ದಿನ. ಇಪ್ಪತ್ತೆರಡು ವರ್ಷ ಕಾದಿದ್ದೇನೆ. ಮೊದಲು ಅವಳು…”

ಅವ್ವ ಅವಳ ಕೈಯ ಕೊಡೆಯನ್ನು ನೋಡುತ್ತಿದ್ದಳು.

“ನಮ್ಮ ಮನೆಯಲ್ಲಿ ಯಾರೂ ಹಾಗೆ ಹೇಳಿದವರಲ್ಲ,” ಎಂದಳು ಪ್ರಮೋದಿನಿ. ದನಿ ಸಣ್ಣದಾಗಿತ್ತು. “ಹೇಗೆ ಹೇಳಬೇಕೆಂದೇ ನನಗೆ ಗೊತ್ತಿಲ್ಲ.”

“ಕಲ್ಲವ್ವಗ ಕಲಿಸಿದಿಯಲ್ಲ. ನೆಟ್ಟಗ ನಿಂತು, ಕಣ್ಣು ನೋಡಿ, ಯಾವ ತಪ್ಪು ಅಂತ ಬಿಡಿಸಿ.”

ಪ್ರಮೋದಿನಿ ಹೊಸ್ತಿಲಿಗೆ ಬಂದಳು. ಬಿಸಿಲು ಕಣ್ಣಿಗೆ ಹೊಡೆಯಿತು. ಬೇವಿನ ಮರದಲ್ಲಿ ಒಂದೊಂದೇ ಕಪ್ಪು ತಲೆ ಅವಳ ಕಡೆ ತಿರುಗಿತು. ಅವಳು ಕೊಡೆ ಬಿಚ್ಚಲು ಗುಂಡಿಗೆ ಬೆರಳಿಟ್ಟಳು.

ಅವ್ವ ಕೈ ಚಾಚಿ ಕೊಡೆಯನ್ನು ತೆಗೆದುಕೊಂಡಳು. ಗೋಡೆಗೆ ಒರಗಿಸಿದಳು.

“ಹೋಗಿ ತಪ್ಪಾತು ಅನ್ನು.”